ಯಾರದೋ ಗಂಟಲು, ಯಲ್ಲಮ್ಮನ ಜಾತ್ರೆ

"'ಎವ್ರಿಬಡಿ ಡ್ಯಾನ್ಸ್ ನೌ' ಅಂತ ಕಿರುಚುತ್ತಾಳಲ್ಲ, ಆ ತೆಳ್ಳಗಿನ ಹುಡುಗಿಗೆ ಅಷ್ಟು ದೊಡ್ಡ ಗಂಟಲು ಎಲ್ಲಿಂದ ಬಂತು ಮಾರಾಯ?" ಎಂದ ಗಿರಿ.

"ಬೇರೆಯವರಿಂದ ಬಂತು," ಎಂದಳು ಶೈಲಾ.

ಗಿರಿ ನಂಬಲಿಲ್ಲ. ಆ ಹಾಡು ಮಾಡಿದ ಅಮೆರಿಕದ ಡ್ಯಾನ್ಸ್ ಸಂಗೀತದ ಗುಂಪು ಸಿ ಅಂಡ್ ಸಿ ಮ್ಯೂಸಿಕ್ ಫ್ಯಾಕ್ಟರಿ ಅಂದರೆ ಅವನಿಗೆ ಆ ವಿಡಿಯೋ, ಆ ವಿಡಿಯೋ ಅಂದರೆ ಅದರಲ್ಲಿರುವ ಆ ತೆಳ್ಳಗಿನ ಹುಡುಗಿ ಜೆಲ್ಮಾ ಡೇವಿಸ್. ಶೈಲಾ ಬಿಡಿಸಿ ಹೇಳಬೇಕಾಯಿತು. ಎರಡು 'ಸಿ'ಗಳು ಅಂದರೆ ರಾಬರ್ಟ್ ಕ್ಲಿವಿಲೆಸ್ ಮತ್ತು ಡೇವಿಡ್ ಕೋಲ್. ಇಬ್ಬರೂ ನ್ಯೂಯಾರ್ಕಿನ ಕ್ಲಬ್‌ಗಳಲ್ಲಿ ಬೆಳೆದವರು, ಒಬ್ಬ ಡಿಜೆ, ಇನ್ನೊಬ್ಬ ಕೀಬೋರ್ಡು. ಮಾರ್ಥಾ ವಾಶ್ ಎನ್ನುವ ಗಾಯಕಿ 1990ರ ಜೂನ್‌ನಲ್ಲಿ ಬೇರೆ ಯಾವುದೋ ಡೆಮೋ ಟೇಪಿಗೆ ಅಂತ ಹಾಡಿದ್ದ ತುಣುಕುಗಳನ್ನು ಕತ್ತರಿಸಿ, ಅಂಟಿಸಿ, ಈ ಹಾಡಿಗೆ ಕೂರಿಸಿದರು. ವಿಡಿಯೋದಲ್ಲಿ ಬಾಯಿ ಆಡಿಸಿದ್ದು ಜೆಲ್ಮಾ. ಹಾಡು 1991ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ನಂಬರ್ ಒನ್.

"ಅದರಲ್ಲೇನಿದೆ?" ಎಂದ ನಮ್ಮ ವಕೀಲ. "ಪಿ.ಬಿ. ಶ್ರೀನಿವಾಸ್ ಹಾಡಿದರು, ರಾಜ್‌ಕುಮಾರ್ ಬಾಯಿ ಆಡಿಸಿದರು. ಯಾರಾದರೂ ಕೇಸು ಹಾಕಿದರಾ?"

"ಅಲ್ಲಿ ರೆಕಾರ್ಡಿನ ಮೇಲೆ ಶ್ರೀನಿವಾಸ್ ಹೆಸರು ಇರುತ್ತಿತ್ತಪ್ಪ! ಇಲ್ಲಿ ಮಾರ್ಥಾ ಹೆಸರೇ ಇಲ್ಲ."

ವಕೀಲ ಸ್ವಲ್ಪ ಹೊತ್ತು ಸುಮ್ಮನಾದ. ಅವನು ಸುಮ್ಮನಾಗುವುದು ಅಪರೂಪ, ಹಾಗಾಗಿ ನಾವು ಆ ಅವಕಾಶದಲ್ಲಿ ಇನ್ನೊಂದು ಪ್ಲೇಟ್ ಬೋಂಡಾ ಹೇಳಿಬಿಟ್ಟೆವು.

ಮಾರ್ಥಾ ಏನು ಹೊಸಬಳಲ್ಲ. 1982ರಲ್ಲೇ ವೆದರ್ ಗರ್ಲ್ಸ್ ಜೋಡಿಯಲ್ಲಿ 'ಇಟ್ಸ್ ರೇನಿಂಗ್ ಮೆನ್' ಹಾಡಿದವಳು. ದಪ್ಪ ಮೈ, ಅದಕ್ಕಿಂತ ದಪ್ಪ ದನಿ. ದನಿ ಮಾತ್ರ ಸಾಕು, ಮೈ ಬೇಡ ಅಂದಿತು ಇಂಡಸ್ಟ್ರಿ. ಇಟಲಿಯ ಬ್ಲ್ಯಾಕ್ ಬಾಕ್ಸ್ ಅನ್ನುವ ಸಂಗೀತದ ಗುಂಪಿನವರೂ ಅವಳಿಂದ ಹಾಡಿಸಿ, ವಿಡಿಯೋದಲ್ಲಿ ಒಬ್ಬ ಮಾಡೆಲ್ಲನ್ನು ನಿಲ್ಲಿಸಿದ್ದರು. ಈ ಎರಡು 'ಸಿ'ಗಳೇ ಸೆಡಕ್ಷನ್ ಅಂತ ಇನ್ನೊಂದು ಹುಡುಗಿಯರ ಗುಂಪು ಕಟ್ಟಿದ್ದರಲ್ಲ, ಅದರ ಒಂದು ಹಾಡಿನಲ್ಲೂ ಇವಳದೇ ಗಂಟಲು. ಯಾರ ಟಿವಿ ಹಾಕಿದರೂ ತನ್ನ ದನಿ ಬೇರೆಯವರ ಬಾಯಿಂದ ಬರುತ್ತಿದ್ದರೆ ಆ ಹೆಂಗಸಿಗೆ ಹೇಗಾಗಿರಬೇಡ!

"ಟೈಮಿಂಗ್ ನೋಡು," ಎಂದೆ ನಾನು. "1990ರ ನವೆಂಬರ್‌ನಲ್ಲಿ ಮಿಲ್ಲಿ ವನಿಲ್ಲಿ ಅನ್ನುವ ಪಾಪ್ ಜೋಡಿ ತಮ್ಮದೇ ಆಲ್ಬಮ್ಮಿನಲ್ಲಿ ಒಂದು ಸಾಲೂ ಹಾಡಿಲ್ಲ ಅಂತ ಬಯಲಾಗಿ ಗ್ರ್ಯಾಮಿ ಸಂಗೀತ ಪ್ರಶಸ್ತಿ ವಾಪಸ್ ಕಿತ್ತುಕೊಂಡರು. ಊರೆಲ್ಲ ಅದೇ ಗಲಾಟೆ. ಅದೇ ಹೊತ್ತಿಗೆ ಇವರು ಇದನ್ನು ಹೊರಗೆ ಬಿಟ್ಟರು!"

ಡಿಸೆಂಬರ್‌ನಲ್ಲೇ ಮಾರ್ಥಾ ಕೇಸು ಜಡಿದಳು. 1994ರಲ್ಲಿ ರಾಜಿಯಾಯಿತು. ಹಾಡಿನ ರೆಕಾರ್ಡ್ ಕಂಪನಿ ಸೋನಿ, ಸಂಗೀತದ ಚಾನೆಲ್ ಎಂಟಿವಿಗೆ ಹೇಳಿ ವಿಡಿಯೋಗೆ ಒಂದು ಸಾಲು ಸೇರಿಸಲು ಕೇಳಿಕೊಂಡಿತು. ಗಾಯನ: ಮಾರ್ಥಾ ವಾಶ್. ವಿಷುವಲೈಸೇಶನ್, ಅಂದರೆ ಬರೀ ಕಾಣಿಸಿಕೊಂಡದ್ದು: ಜೆಲ್ಮಾ ಡೇವಿಸ್.

ವಿಷುವಲೈಸೇಶನ್ ಅಂದದ್ದೇ ತಡ, ಗಿರಿ ಬೋಂಡಾ ಗಂಟಲಿಗೆ ಸಿಕ್ಕಿಸಿಕೊಂಡ. "ನಮ್ಮ ಆಫೀಸಿನ ಮೀಟಿಂಗುಗಳಲ್ಲಿ ನಾನು ಮಾಡೋದೂ ಅದೇ ಕಣೋ, ಇನ್ನು ಮೇಲೆ ವಿಸಿಟಿಂಗ್ ಕಾರ್ಡಿನ ಮೇಲೆ ಹಾಕಿಸಿಬಿಡ್ತೀನಿ."

ನನಗೆ ಜೆಲ್ಮಾ ಬಗ್ಗೆ ಪಾಪ ಅನಿಸುತ್ತದೆ. ಅವಳಿಗೂ ಒಳ್ಳೆಯ ದನಿಯೇ ಇತ್ತು, ಅದೇ ಆಲ್ಬಮ್ಮಿನಲ್ಲಿ ಬೇರೆ ಹಾಡುಗಳಲ್ಲಿ ತಾನೇ ಹಾಡಿದ್ದಾಳೆ. ತಪ್ಪು ಮಾಡಿದ್ದು ಪ್ರೊಡ್ಯೂಸರ್‌ಗಳು, ನಕಲಿ ಅನಿಸಿಕೊಂಡಿದ್ದು ಇವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ವ್ಯಾಪಾರಕ್ಕೇನೂ ಪೆಟ್ಟು ಬೀಳಲಿಲ್ಲ ಅನ್ನುವುದು ಬೇರೆ ಮಾತು. ಮೊದಲ ಆಲ್ಬಮ್ ಅಮೆರಿಕದಲ್ಲೇ ಐದು ಪಟ್ಟು ಪ್ಲಾಟಿನಂ. ಮುಂದಿನ ಎರಡು ಹಾಡುಗಳೂ ಟಾಪ್ 5ರಲ್ಲಿ. ಕ್ಲಿವಿಲೆಸ್, ಕೋಲ್ ಇಬ್ಬರೂ ಗಾಯಕಿ ಮರಾಯಾ ಕ್ಯಾರಿಗೆ 'ಎಮೋಷನ್ಸ್' ಹಾಡು ಮಾಡಿಕೊಟ್ಟರು, 'ದಿ ಬಾಡಿಗಾರ್ಡ್' ಸಿನಿಮಾದ ಆಲ್ಬಮ್ಮಿಗೆ ಗ್ರ್ಯಾಮಿ ಹಂಚಿಕೊಂಡರು. 1994ರಲ್ಲಿ ಎರಡನೇ ಆಲ್ಬಮ್ ಬಂದಾಗ 'ಡೂ ಯೂ ವಾನಾ ಗೆಟ್ ಫಂಕಿ' ಹಾಡಿದ್ದು ಯಾರು ಗೊತ್ತಾ?

"ಹೇಳಬೇಡ!" ಎಂದ ವಕೀಲ.

"ಮಾರ್ಥಾ ವಾಶ್. ಈ ಸಲ ಹೆಸರು ಹಾಕಿ."

"ಕೇಸು ಹಾಕಿದವಳನ್ನೇ ಕರೆದು ಕೆಲಸ ಕೊಡೋ ಕಕ್ಷಿಗಾರರು ನನಗ್ಯಾಕೆ ಸಿಗಲ್ಲ?"

ಮುಂದಿನದು ನಗುವ ವಿಷಯವಲ್ಲ. 1995ರ ಜನವರಿಯಲ್ಲಿ ಕೋಲ್ ಮೆನಿಂಜೈಟಿಸ್ ಆಗಿ ತೀರಿಕೊಂಡ, ಬರೀ 32 ವರ್ಷ. ಮರಾಯಾ ಅವನ ನೆನಪಿನಲ್ಲಿ ಬರೆಯಲು ಶುರು ಮಾಡಿದ್ದು 'ಒನ್ ಸ್ವೀಟ್ ಡೇ' ಆಯಿತು, 16 ವಾರ ನಂಬರ್ ಒನ್ ಜಾಗ ಬಿಡಲಿಲ್ಲ. ಫ್ಯಾಕ್ಟರಿ ಮಾತ್ರ ಅದೇ ವರ್ಷ ಇನ್ನೊಂದು ಆಲ್ಬಮ್ ಮಾಡಿ ಬಾಗಿಲು ಹಾಕಿತು.

"ಈಗ ಆ ಹೆಸರಿನಲ್ಲಿ ಶೋ ಕೊಡ್ತಾ ಇರೋದು ಯಾರು ಹಾಗಾದ್ರೆ?" ಗಿರಿ ಕೇಳಿದ.

ಫ್ರೀಡಮ್ ವಿಲಿಯಮ್ಸ್. ಮೊದಲ ಹಾಡಿನಲ್ಲಿ ರ‍್ಯಾಪ್ ಮಾಡಿದವನು. ಒಂದೇ ಆಲ್ಬಮ್ಮಿಗೆ ಬಿಟ್ಟು ಹೋಗಿದ್ದವನು ಆಮೇಲೆ ಬಂದು ಹೆಸರಿನ ಟ್ರೇಡ್‌ಮಾರ್ಕ್ ತನ್ನದಾಗಿಸಿಕೊಂಡ. ಕ್ಲಿವಿಲೆಸ್ ಸಿಟ್ಟಿನಲ್ಲಿ ಕೂಗಾಡಿದ್ದೂ ಆಯಿತು.

"ಅಂದರೆ ಒಬ್ಬ ಸಿ ಇಲ್ಲ, ಇನ್ನೊಬ್ಬ ಸಿ ಹೊರಗೆ," ಎಂದಳು ಶೈಲಾ. "ಬೋರ್ಡಿನಲ್ಲಿ ಉಳಿದಿದ್ದು ನಡುವಿನ ಅಂಡ್ ಒಂದೇ!"

ವಕೀಲ ಮಾತ್ರ ಆಗಲೇ ಫೋನ್ ತೆಗೆದು, ನಮ್ಮ ಗುಂಪಿನ ಹೆಸರು ರಿಜಿಸ್ಟರ್ ಮಾಡಿಸಲು ಎಷ್ಟು ಫೀಸು ಅಂತ ಹುಡುಕುತ್ತಿದ್ದ.