ಹೊರದೇಶದ ರಿಯಾಕ್ಟರ್ ಕಾಂಕ್ರೀಟ್ ಅಳೆಯುವ ಹೋಲಿಕೆ ಪರೀಕ್ಷೆಗೆ ಮಂಗಳೂರಿನಿಂದ ಸೇರುವುದಾದರೆ ಎಂತೆಲ್ಲ ಸಿದ್ಧ ಇರಬೇಕು?

ಕೊಣಾಜೆ ಗುಡ್ಡೆ:
ಮುಚ್ಚಿದ ಸಂಶೋಧನಾ ರಿಯಾಕ್ಟರ್ ಒಂದರ, ವಿಕಿರಣ ತಡೆಯುವ ಶೀಲ್ಡ್ ಕಾಂಕ್ರೀಟಿನ ಪುಡಿಯನ್ನು ಹಲವು ದೇಶಗಳ ಲ್ಯಾಬ್‌ಗಳಿಗೆ ಹಂಚಿ, ಯಾರ ಲೆಕ್ಕ ಎಷ್ಟು ಹೊಂದುತ್ತದೆ ಎಂದು ನೋಡುವ ಯೋಜನೆ ಇದು. ತಲಾ 100 ಗ್ರಾಂ ಕೊಡುತ್ತಾರೆ. ಯುರೋಪಿಯಂ-152, ಕೋಬಾಲ್ಟ್-60, ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಮೂರನ್ನೂ ಬೆಕರೆಲ್ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸುವ ಪ್ರಮಾಣ) ಪ್ರತಿ ಗ್ರಾಂ ಲೆಕ್ಕದಲ್ಲಿ ವರದಿ ಮಾಡಬೇಕು. ನಮ್ಮಲ್ಲಿ ಗ್ಯಾಮಾ ಕಿರಣ ಅಳೆಯುವ ಜರ್ಮೇನಿಯಂ ಡಿಟೆಕ್ಟರ್, ಟ್ರಿಟಿಯಂ ಅಳೆಯುವ ಲಿಕ್ವಿಡ್ ಸಿಂಟಿಲೇಶನ್ ಕೌಂಟರ್ ಎರಡೂ ಉಂಟು. ಆದರೆ ರೂಢಿ ಇರುವುದು ಮಣ್ಣು, ಮರಳು, ನೀರಿನ ಅಳತೆ ಮಾತ್ರ. ಸ್ಯಾಂಪಲ್ ಕೈಗೆ ಸಿಗುವುದು ಜುಲೈಯಲ್ಲಿ. ಎಲ್ಲೆಲ್ಲಿ ತಪ್ಪಾಗಬಹುದು? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಹೇಳಿ.

ಪಡುಬಿದ್ರಿ:
ಗ್ಯಾಮಾ ಭಾಗದ ಬಗ್ಗೆ ಹೇಳುತ್ತೇನೆ. ಕೌಂಟ್ ಸಾಲದು ಎಂಬ ಹೆದರಿಕೆ ಬೇಡ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ (ಐಎಇಎ) 2004ರಲ್ಲಿ ಕೊಟ್ಟ ಬಿಡುಗಡೆ ಮಿತಿ (ಇದರೊಳಗೆ ಇದ್ದರೆ ವಸ್ತುವನ್ನು ನಿಯಂತ್ರಣದಿಂದ ಹೊರಗೆ ಬಿಡಬಹುದು) ಯುರೋಪಿಯಂ-152ಕ್ಕೆ ಗ್ರಾಂಗೆ 0.1 ಬೆಕರೆಲ್. ಅಂದರೆ 100 ಗ್ರಾಂನಲ್ಲಿ 10 ಬೆಕರೆಲ್. ಅದರ ಗ್ಯಾಮಾ ಕಿರಣಗಳಲ್ಲಿ 344 ಕೆಇವಿ (ಶಕ್ತಿಯ ಅಳತೆ) ಗೆರೆಯ ಪ್ರಮಾಣ ಶೇ 26.6, ಡಿಟೆಕ್ಟರಿನ ದಕ್ಷತೆ ಶೇ 2 ಎಂದಿಟ್ಟುಕೊಂಡರೆ 80,000 ಸೆಕೆಂಡಿನಲ್ಲಿ ಸುಮಾರು 4,250 ಕೌಂಟ್ ಸಿಗ್ತದೆ. ಅಷ್ಟು ಧಾರಾಳ ಸಾಕು.

ಎಡವುವುದು ಗೆರೆ ಆರಿಸುವಲ್ಲಿ. 1408 ಕೆಇವಿ ನೋಡಲಿಕ್ಕೆ ಚಂದ, ಆದರೆ ರೇಡಾನ್ ಕುಟುಂಬದ ಬಿಸ್ಮತ್-214ಕ್ಕೂ ಅದೇ ಜಾಗದಲ್ಲಿ ಗೆರೆ ಉಂಟು. 964ರ ಪಕ್ಕದಲ್ಲಿ ಥೋರಿಯಂ ಸರಣಿಯ ಆಕ್ಟಿನಿಯಂ-228 ಕೂತಿರುತ್ತದೆ. 121.8ಕ್ಕೆ ಯುರೋಪಿಯಂ-154ರ 123.1 ತಾಗಿಕೊಂಡೇ ಇರುತ್ತದೆ. ಹಾಗಾಗಿ 344ನ್ನೇ ಮುಖ್ಯ ಗೆರೆ ಮಾಡಿ. 338ರಲ್ಲಿ ಆಕ್ಟಿನಿಯಂ ಇದ್ದರೂ ಜರ್ಮೇನಿಯಂ ಡಿಟೆಕ್ಟರ್ ಎರಡನ್ನೂ ಬೇರೆ ಮಾಡುತ್ತದೆ, ಸೋಡಿಯಂ ಅಯೊಡೈಡ್ ಡಿಟೆಕ್ಟರಿನಿಂದ ಆಗುವುದಿಲ್ಲ.

ಇನ್ನೊಂದು, ಬ್ಲಾಂಕ್‌ಗೆ (ಹಿನ್ನೆಲೆ ಕಳೆಯಲು ಅಳೆಯುವ ಸ್ಯಾಂಪಲಿಗೆ) ಊರಿನ ಕಾಂಕ್ರೀಟ್ ಪುಡಿ ಮಾಡಿ ಇಡಬೇಡಿ. ಉಳ್ಳಾಲದ ಕಡಲ ಮರಳಿನಲ್ಲಿ ಥೋರಿಯಂ ತುಂಬಿದ ಮೊನಜೈಟ್ ಖನಿಜ ಇರುವುದು ನಿಮಗೆ ಗೊತ್ತೇ ಉಂಟು. ಅಂಥ ಮರಳು ಸ್ವಲ್ಪ ಬೆರೆತರೂ ಥೋರಿಯಂ ಗೆರೆಗಳು ಎದ್ದು, ಕಳೆಯುವ ಲೆಕ್ಕವೇ ಹಾಳಾಗ್ತದೆ. ಅದೇ ಕಟ್ಟಡದ, ನ್ಯೂಟ್ರಾನ್ ತಾಗದ ಗೋಡೆಯ ಪುಡಿಯನ್ನು ಸಂಘಟಕರಿಂದಲೇ ಕೇಳಿ ತರಿಸಿ.

ಸ್ಯಾಂಪಲ್ಲನ್ನು ಡಿಟೆಕ್ಟರಿಗೆ ಒತ್ತಿ ಇಟ್ಟಾಗ ಯುರೋಪಿಯಂನ 344 ಮತ್ತು 779 ಒಟ್ಟಿಗೆ ಬಿದ್ದು, ಎರಡೂ ಗೆರೆಗಳಲ್ಲಿ ಕೌಂಟ್ ಕಡಿಮೆ ಆಗ್ತದೆ. ಸಾಫ್ಟ್‌ವೇರಿನ ತಿದ್ದುಪಡಿಯನ್ನು ನಂಬುವುದಕ್ಕಿಂತ, ಅದೇ ಡಬ್ಬಿ, ಅದೇ ಎತ್ತರ, ಹತ್ತಿರದ ಸಾಂದ್ರತೆಯ ಪುಡಿಗೆ ಪ್ರಮಾಣ ಗೊತ್ತಿರುವ ಯುರೋಪಿಯಂ-152 ದ್ರಾವಣ ಹಾಕಿ ಸ್ಟ್ಯಾಂಡರ್ಡ್ ಮಾಡಿಕೊಂಡರೆ ಆ ನಷ್ಟ ಎರಡೂ ಕಡೆ ಸಮ ಆಗಿ ಹೋಗ್ತದೆ. ನೀರಿನ ಸ್ಟ್ಯಾಂಡರ್ಡ್ ಮಾತ್ರ ಬೇಡವೇ ಬೇಡ.

ಎಂಡ್ ಪಾಯಿಂಟ್, ಮಣಿಪಾಲ:
ಟ್ರಿಟಿಯಂನಲ್ಲಿ ಯಂತ್ರಕ್ಕಿಂತ ಮೊದಲು ತೇವದ ಚಿಂತೆ ಮಾಡಿ. ಕಾಂಕ್ರೀಟಿನಲ್ಲಿ ಅದು ಎರಡು ರೂಪದಲ್ಲಿ ಇರುತ್ತದೆ: ರಂಧ್ರದ ನೀರಿನಲ್ಲಿ ಸಡಿಲವಾಗಿ, ಮತ್ತು ಲೀಥಿಯಂ-6ಕ್ಕೆ ನ್ಯೂಟ್ರಾನ್ ತಾಗಿ ಖನಿಜದೊಳಗೇ ಹುಟ್ಟಿದ್ದು ಬಿಗಿಯಾಗಿ. ಮೊದಲನೆಯದು ಒಲೆಯಲ್ಲಿ 105 ಡಿಗ್ರಿಗೇ ಹಾರಿಹೋಗ್ತದೆ. ಎರಡನೆಯದಕ್ಕೆ 900 ಡಿಗ್ರಿ ಬೇಕು.

ಕ್ವಾರ್ಟ್ಸ್ ಕೊಳವೆಯಲ್ಲಿ 1ರಿಂದ 2 ಗ್ರಾಂ ಹಾಕಿ, ಆಕ್ಸಿಜನ್ ಹರಿಸುತ್ತಾ ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ. ಪ್ಲಾಟಿನಂ ಕ್ಯಾಟಲಿಸ್ಟ್ ದಾಟಿದ ಅನಿಲವನ್ನು 0.1 ಮೋಲಾರ್ ನೈಟ್ರಿಕ್ ಆಮ್ಲದ ಎರಡು ಬಬ್ಲರ್‌ಗಳಲ್ಲಿ ಹಿಡಿಯಿರಿ. ಆ ಆಮ್ಲದ 8 ಮಿಲಿಲೀಟರಿಗೆ 12 ಮಿಲಿಲೀಟರ್ ಕಾಕ್‌ಟೇಲ್ (ವಿಕಿರಣ ತಾಗಿದರೆ ಮಿನುಗುವ ದ್ರಾವಣ) ಸೇರಿಸಿ, ರಾತ್ರಿ ಕತ್ತಲಲ್ಲಿಟ್ಟು ಮರುದಿನ ಎಣಿಸಿ. ಬೇಗ ಬೇಗ ಬಿಸಿ ಮಾಡಿದರೆ ಆವಿ ಒಂದೇ ಸಲ ನುಗ್ಗಿ ಮೊದಲ ಬಬ್ಲರ್ ದಾಟುತ್ತದೆ. ಎರಡನೆಯದರಲ್ಲಿ ಹೆಚ್ಚು ಸಿಕ್ಕಿದರೆ ಆ ಸುತ್ತು ಬಿಟ್ಟುಬಿಡಿ. ಒಲೆ ಮತ್ತು ಬಬ್ಲರ್ ನಡುವಿನ ಕೊಳವೆ ತಣ್ಣಗಿದ್ದರೆ ಹನಿ ಕಟ್ಟಿ ಟ್ರಿಟಿಯಂ ಅಲ್ಲೇ ಉಳಿದು ಮುಂದಿನ ಸ್ಯಾಂಪಲಿಗೆ ಬರ್ತದೆ. ಹೀಟಿಂಗ್ ಟೇಪ್ ಸುತ್ತಿ, ಪ್ರತಿ ಸ್ಯಾಂಪಲ್ ಆದ ಮೇಲೆ ದೋಣಿಯನ್ನು (ಸ್ಯಾಂಪಲ್ ಇಡುವ ಪಾತ್ರೆ) ಖಾಲಿ ಇಟ್ಟು ಒಂದು ಸುತ್ತು ಓಡಿಸಿ.

ಸಂಘಟಕರನ್ನು ಈಗಲೇ ಕೇಳಬೇಕಾದ್ದು: ಕಾಂಕ್ರೀಟಿನ ಕೋರ್ (ಉರುಳೆಯಾಕಾರದ ತುಂಡು) ಕೊರೆದದ್ದು ನೀರು ಹಾಕಿಯೋ, ಒಣಗಿಯೋ? ನೀರು ಹಾಕಿದ್ದರೆ ಸಡಿಲ ಟ್ರಿಟಿಯಂ ಅಲ್ಲಿಯೇ ತೊಳೆದುಹೋಗಿರುತ್ತದೆ, ಲ್ಯಾಬ್‌ಗಳು ಜಗಳ ಆಡಿ ಪ್ರಯೋಜನ ಇಲ್ಲ.

ಕೊಣಾಜೆ ಗುಡ್ಡೆ:
ತುಂಬಾ ಉಪಕಾರ ಆಯ್ತು. ಮಣ್ಣಿಗೆ ಮಾಡುವ ಹಾಗೆ ಎಲ್ಲವನ್ನೂ ಮೊದಲು 105ರಲ್ಲಿ ಒಣಗಿಸುವ ಯೋಚನೆಯೇ ಇದ್ದದ್ದು. ಹಾಗಾದರೆ ಒಣ ತೂಕ ಹೇಗೆ ಕೊಡುವುದು?

ಎಂಡ್ ಪಾಯಿಂಟ್, ಮಣಿಪಾಲ:
ಬಾಟಲಿ ತೆರೆದ ಕೂಡಲೇ ಮೂರು ಪಾಲು ಮಾಡಿ. ಟ್ರಿಟಿಯಂನದ್ದು ತೂಗಿ ಮುಚ್ಚಿ, ಗ್ಯಾಮಾದ್ದು ಬೇರೆ, 5 ಗ್ರಾಂ ಮಾತ್ರ ಒಣಗಿಸಿ ತೂಕ ಎಷ್ಟು ಇಳಿಯಿತು ನೋಡಿ. ಆ ಅನುಪಾತದಿಂದ ಉಳಿದದ್ದನ್ನು ಒಣ ತೂಕಕ್ಕೆ ತನ್ನಿ. ಜುಲೈಯ ಗಾಳಿಯಲ್ಲಿ ತೆರೆದಿಟ್ಟ ಪುಡಿ ನೀರು ಎಳೆದುಕೊಳ್ಳುತ್ತದೆ, ಆ ನೀರಿನ ಜತೆ ಟ್ರಿಟಿಯಂ ಅದಲುಬದಲೂ ಆಗ್ತದೆ. ಡ್ರೈ ಬಾಕ್ಸ್ ಇಲ್ಲದೆ ತೆರೆಯಬೇಡಿ.

ನೇತ್ರಾವತಿ ದಡ:
ಕಾಗದಪತ್ರದ ಕೆಲಸ ಈಗಲೇ ಹಿಡಿಯಿರಿ. ಆಮದಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿಯ ಅನುಮತಿ ಬೇಕಾ ಎಂದು ಚಟುವಟಿಕೆಯ ಅಂದಾಜು ಕೊಟ್ಟು ಬರವಣಿಗೆಯಲ್ಲೇ ಕೇಳಿ. ಅರ್ಜಿ ಅದರ ಇ-ಲೋರಾ ಪೋರ್ಟಲಿನಲ್ಲಿ. ಸಾಗಣೆಯ ನಿಯಮದಲ್ಲಿ ಯುರೋಪಿಯಂ-152, ಕೋಬಾಲ್ಟ್-60 ಎರಡಕ್ಕೂ ವಿನಾಯಿತಿ ಮಿತಿ ಗ್ರಾಂಗೆ 10 ಬೆಕರೆಲ್. ಅದಕ್ಕಿಂತ ಕೆಳಗಿದ್ದರೂ ಕಳುಹಿಸುವವರ ಅಳತೆ ಪತ್ರ ಪೆಟ್ಟಿಗೆಯ ಜತೆಗೇ ಇರಲಿ, ಇಲ್ಲದಿದ್ದರೆ ಕಸ್ಟಮ್ಸಿನಲ್ಲಿ ನಿಲ್ಲುತ್ತದೆ.

ಟ್ರಿಟಿಯಂ ಯಾಕೆ ಬೇಕು ಎಂದು ಲ್ಯಾಬಿನವರಿಗೆ ಅನಿಸಬಹುದು. ಪ್ರತಿಯೊಂದನ್ನೂ ಅದರದರ ಬಿಡುಗಡೆ ಮಿತಿಯಿಂದ ಭಾಗಿಸಿ ಕೂಡಿದ ಮೊತ್ತ 1 ಮೀರಬಾರದು. ಗ್ರಾಂಗೆ ಯುರೋಪಿಯಂ 0.05, ಕೋಬಾಲ್ಟ್ (ಅದರ ಮಿತಿಯೂ 0.1) 0.04 ಇದ್ದರೆ ಹತ್ತರಲ್ಲಿ ಒಂಬತ್ತು ಪಾಲು ಮುಗಿಯಿತು, ಇನ್ನೂ ಒಂದು ಪಾಲು ಜಾಗ ಉಂಟು. ಅದಕ್ಕೆ 20 ಬೆಕರೆಲ್ ಟ್ರಿಟಿಯಂ ಸೇರಿದರೆ, ಅದರ ಮಿತಿ 100 ಆದರೂ, ಒಟ್ಟು 1.1. ಆ ಗೋಡೆ ಹಾಗೇ ಹೊರಗೆ ಹೋಗುವಂತಿಲ್ಲ.

ಫುಕುಶಿಮಾದ 2ನೇ ಘಟಕದಿಂದ 2024ರ ನವೆಂಬರ್‌ನಲ್ಲಿ ಹೊರತೆಗೆದ ಕರಗಿದ ಇಂಧನದ ಚೂರು 1 ಗ್ರಾಂ ಕೂಡ ಇರಲಿಲ್ಲ, 1, 2, 3ನೇ ಘಟಕಗಳ ಒಳಗೆ ಒಟ್ಟು ಉಳಿದದ್ದು ಸುಮಾರು 880 ಟನ್ ಎಂಬ ಅಂದಾಜು. ಅಂಥದ್ದನ್ನು ಮುಟ್ಟಲು ಹಾಟ್ ಸೆಲ್ (ದಪ್ಪ ಗೋಡೆಯ ಹೊರಗಿನಿಂದ ಕೆಲಸ ಮಾಡುವ ಕೋಣೆ) ಬೇಕು. ಕಾಂಕ್ರೀಟಿಗೆ ಬೇಡ. ನಮ್ಮಂಥ ಲ್ಯಾಬ್‌ಗಳು ನಿಜವಾಗಿ ಕೈಜೋಡಿಸಬಹುದಾದ ಜಾಗ ಇದೇ, ದಯವಿಟ್ಟು ಬಿಡಬೇಡಿ.

ವರದಿಯಲ್ಲಿ ಅನಿಶ್ಚಿತತೆಯ ಪಕ್ಕ ಕೆ=1 (ಪ್ರಮಾಣಿತ ಅನಿಶ್ಚಿತತೆ) ಅಥವಾ ಕೆ=2 (ಅದರ ಎರಡು ಪಟ್ಟು) ಎಂದು ಸ್ಪಷ್ಟ ಬರೆಯಿರಿ. ಕೆ=2 ಕೊಟ್ಟು ಹಾಗೆ ಬರೆಯದಿದ್ದರೆ ಸಂಘಟಕರು ಕೆ=1 ಎಂದುಕೊಂಡು ಮತ್ತೊಮ್ಮೆ ಎರಡರಿಂದ ಗುಣಿಸುತ್ತಾರೆ. ಆಗ ತಪ್ಪು ಅಳತೆಯೂ ಪಾಸಾಗಿ ನಿಮಗೇ ನಷ್ಟ.