ಪಾಸಾದ ಪರೀಕ್ಷೆಯೇ ಮತ್ತೆ ಮತ್ತೆ ಕನಸಲ್ಲಿ ಯಾಕೆ ಬರುತ್ತದೆ?

ಗಲ್ಲಾಪೆಟ್ಟಿಗೆ, ಡೊಂಬಿವಲಿ:

ಎಲ್ಲರಿಗೂ ನಮಸ್ಕಾರ. ನನಗೀಗ 54. ಸ್ಟೇಷನ್ ಹತ್ತಿರ ಸಣ್ಣ ಹೋಟೆಲ್ ಇದೆ, ದಿನವಿಡೀ ಗಲ್ಲಾದಲ್ಲಿ ಕೂರುವವನು. ಸೈಕಾಲಜಿ ಓದಿದವರು ಯಾರಾದರೂ ಇದ್ದರೆ ಒಂದು ಪ್ರಶ್ನೆ.

ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬೈ ಬಸ್ಸು ಹತ್ತಿದವನು ನಾನು. ಫೋರ್ಟ್‌ನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಸಂಜೆ ಕೈ ತೊಳೆದು ಕನ್ನಡ ರಾತ್ರಿ ಶಾಲೆಗೆ ಓಟ. ಕೊನೇ ಬೆಂಚಿನಲ್ಲಿ ತೂಕಡಿಸುತ್ತಲೇ ಓದಿದ್ದು. ಆದರೂ 1989ರಲ್ಲಿ ಎಸ್ಸೆಸ್ಸಿ ಮುಗಿಸಿದೆ. ಸರ್ಟಿಫಿಕೇಟು ಕಪಾಟಿನಲ್ಲಿ ಹೆಂಡತಿಯ ಸೀರೆಗಳ ಕೆಳಗೆ ಭದ್ರವಾಗಿದೆ.

ಕನಸಿಗೆ ಮಾತ್ರ ಈ ಸುದ್ದಿ ಇನ್ನೂ ತಲುಪಿಲ್ಲ ಮಾರಾಯ್ರೆ. ವರ್ಷಕ್ಕೆ ಮೂರು ನಾಲ್ಕು ಸಲ ಅದೇ ಗಣಿತದ ಪೇಪರ್. ನಾನು ಹೋಟೆಲಿನ ಖಾಕಿ ಚಡ್ಡಿಯಲ್ಲೇ ಹೋಗಿ ಕೂತಿದ್ದೇನೆ, ಹೆಗಲ ಮೇಲೆ ಟೇಬಲ್ ಒರೆಸುವ ಒದ್ದೆ ಫಡ್ಕಾ. ಕಂಪಾಸ್ ಪೆಟ್ಟಿಗೆ ತೆಗೆದರೆ ಒಳಗೆ ನಾಲ್ಕು ಸ್ಟೀಲ್ ಚಮಚ. ಬರೆಯೋಣ ಅಂದರೆ ಕೈ ಏಳುವುದೇ ಇಲ್ಲ. ಅಷ್ಟರಲ್ಲಿ ಮೇಲ್ವಿಚಾರಕರು ಹತ್ತಿರ ಬಂದು ಗಂಭೀರವಾಗಿ "ದೋನ್ ಇಡ್ಲಿ, ಏಕ್ ಕಟಿಂಗ್" (ಎರಡು ಇಡ್ಲಿ, ಅರ್ಧ ಚಹಾ) ಅನ್ನುತ್ತಾರೆ. ಎಚ್ಚರಾದಾಗ ಬನಿಯನ್ ಒದ್ದೆ. ನಾನು ಪಾಸಾದವನು ಅಂತ ನೆನಪಾಗಲು ಅರ್ಧ ನಿಮಿಷ ಬೇಕು.

ಹೆಂಡತಿ ಉಪ್ಪು ಮೆಣಸು ನಿವಾಳಿಸಿ ಹಾಕಿದಳು. ಮಗ ಅಸಿಡಿಟಿ ಅಂದ. ಇದಕ್ಕೆ ನಿಜವಾಗಿ ಏನಾದರೂ ಅರ್ಥ ಇದೆಯಾ?

ಸುಮ್ನೆ ಬಂದೆ, ವಾಶಿ:

ರಾತ್ರಿ ಉಳಿದ ಮಿಸಳ್ ತಿನ್ನುವುದು ಬಿಡಿ ಅಣ್ಣ, ಎಲ್ಲ ಸರಿಹೋಗುತ್ತದೆ.

ಕೋಥ್ರೂಡ್ ಪುಟ್ಟಿ, ಪುಣೆ:

ಅಣ್ಣ, ನಾನು ಸೈಕಾಲಜಿ ಎಂ.ಎ. ಮಾಡಿ ಈಗ ಬೇರೆ ಕೆಲಸದಲ್ಲಿದ್ದೇನೆ. ನಿಮ್ಮ ಕನಸು ಓದಿ ಖುಷಿಯಾಯಿತು, ಯಾಕೆಂದರೆ ಇದು ಮನೋವಿಶ್ಲೇಷಣೆ ಶುರುಮಾಡಿದ ವಿಯೆನ್ನಾದ ಡಾಕ್ಟರ್ ಫ್ರಾಯ್ಡ್ ಅವರನ್ನೂ ಬಿಡದ ಕನಸು.

ಫ್ರಾಯ್ಡ್ ಅಂದರೆ ಎಲ್ಲದಕ್ಕೂ ಕಾಮವನ್ನೇ ಎಳೆದು ತರುವವರು ಅಂತ ಜನ ನಗುತ್ತಾರೆ. ಅವರ ಕನಸಿನ ಪುಸ್ತಕ 1899ರ ನವೆಂಬರಿನಲ್ಲೇ ಬಂತು, ಆದರೆ ಮೇಲೆ ಅಚ್ಚಾದದ್ದು 1900. ಮೊದಲ 600 ಪ್ರತಿ ಖರ್ಚಾಗಲು ಎಂಟು ವರ್ಷ ಹಿಡಿಯಿತು. ನಮ್ಮ ಕನ್ನಡ ಪುಸ್ತಕಗಳ ಹಾಗೇ ಅಲ್ವಾ! ಕನಸು ಅಂದರೆ ವೇಷ ಹಾಕಿಕೊಂಡು ಬರುವ ಆಸೆ ಅನ್ನುವುದು ಅವರ ಮುಖ್ಯ ಮಾತು. ಹಾಗಾದರೆ ಪರೀಕ್ಷೆಯ ಕನಸಿನಲ್ಲಿ ಯಾವ ಆಸೆ? ಅದಕ್ಕೂ ಉತ್ತರ ಇಟ್ಟಿದ್ದಾರೆ. ಈ ಕನಸು ಬೀಳುವುದು ಪಾಸಾದ ಪರೀಕ್ಷೆಯ ಬಗ್ಗೆ ಮಾತ್ರ. ನಾಳೆ ಏನೋ ಜವಾಬ್ದಾರಿಯ ಕೆಲಸ ಇದೆ, ಎಲ್ಲಿ ಕೆಡುತ್ತದೋ ಅಂತ ಒಳಗೊಳಗೇ ಪುಕುಪುಕು. ಆಗ ಮನಸ್ಸು ಹಳೇ ಪರೀಕ್ಷೆ ಹೊರತೆಗೆದು, "ಅವತ್ತೂ ಹೀಗೇ ಹೆದರಿದ್ದೆ, ಏನಾಯಿತು? ಪಾಸಾಗಲಿಲ್ಲವಾ?" ಅಂತ ಬೆನ್ನು ತಟ್ಟುತ್ತದೆ. ಫ್ರಾಯ್ಡ್ ಡಾಕ್ಟರಿಕೆ ಓದುವಾಗ ನ್ಯಾಯವೈದ್ಯಶಾಸ್ತ್ರದಲ್ಲಿ ಫೇಲಾಗಿದ್ದರು. ಅದು ಒಮ್ಮೆಯೂ ಕನಸಿಗೆ ಬರಲಿಲ್ಲವಂತೆ. ಬಂದದ್ದೆಲ್ಲ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ.

ಎರಡು ವಿಷಯ ಹೇಳಿ. ಕನಸು ಬಿದ್ದ ಮರುದಿನ ಏನಿತ್ತು? ನೀವು ಯಾವುದರಲ್ಲಾದರೂ ಫೇಲಾಗಿದ್ದಿರಾ?

ರಾತ್ರಿಪಾಳಿ, ಕುರ್ಲಾ:

ಪುಟ್ಟಿಯವರೇ, ಚೆನ್ನಾಗಿ ಬರೆದಿದ್ದೀರಿ, ನಾನು ಮಾತ್ರ ಒಪ್ಪುವುದಿಲ್ಲ. ಬೆವರು ಸುರಿಸಿ ಎಬ್ಬಿಸುವುದು ಎಂಥ ಸಮಾಧಾನ? ಅದೂ ಅಲ್ಲದೆ, ಕೆಟ್ಟ ಕನಸನ್ನೂ ಆಸೆ ಅಂತಲೇ ತಿರುಗಿಸಿಬಿಟ್ಟರೆ ಆ ಸಿದ್ಧಾಂತ ಸೋಲುವುದಾದರೂ ಯಾವಾಗ?

ಅಣ್ಣ, ನೀವು ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ? ಹೋಟೆಲ್ ಅಂದರೆ ನಾಲ್ಕೂವರೆ ಇರಬೇಕು. ಕನಸು ಬೀಳುವುದು ಅಲಾರಾಂಗೆ ಸ್ವಲ್ಪ ಮುಂಚೆ ತಾನೇ? ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ನಡೆಯುತ್ತದೆ. ಪ್ರತಿ ಸುತ್ತಿನಲ್ಲೂ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ಒಂದು ಘಟ್ಟ ಇದೆ, ಅದಕ್ಕೆ ರೆಮ್ ಅನ್ನುತ್ತಾರೆ. ಚಿಕಾಗೋದಲ್ಲಿ ಅಸೆರಿನ್ಸ್ಕಿ ಮತ್ತು ಕ್ಲೈಟ್ಮನ್ 1953ರಲ್ಲಿ ಇದನ್ನು ಪ್ರಕಟಿಸಿದರು. ಅಸೆರಿನ್ಸ್ಕಿ ತನ್ನ ಎಂಟು ವರ್ಷದ ಮಗನ ತಲೆಗೇ ತಂತಿ ಅಂಟಿಸಿ ನೋಡಿದ್ದರು. ಬೆಳಗಾಗುತ್ತಾ ಹೋದಂತೆ ಈ ರೆಮ್ ಉದ್ದವಾಗುತ್ತದೆ. ಆಗ ಮೈಯ ಸ್ನಾಯುಗಳನ್ನು ಮಿದುಳೇ ಸಡಿಲ ಬಿಟ್ಟಿರುತ್ತದೆ. ನಿಮ್ಮ ಕೈ ಏಳದಿರುವುದಕ್ಕೆ ಕಾರಣ ಅದೇ ಇರಬಹುದು, ಗಣಿತ ಅಲ್ಲ.

1977ರಲ್ಲಿ ಹಾರ್ವರ್ಡ್‌ನ ಹಾಬ್ಸನ್ ಮತ್ತು ಮೆಕಾರ್ಲಿ ಹೇಳಿದ್ದು ನನಗೆ ಹಿಡಿಸುತ್ತದೆ. ಮಿದುಳಿನ ಬುಡದಿಂದ ದಿಕ್ಕಿಲ್ಲದ ಸಿಗ್ನಲ್‌ಗಳು ಮೇಲೆ ಹೋಗುತ್ತವೆ. ಮೇಲಿನ ಮಿದುಳು ಕೈಗೆ ಸಿಕ್ಕಿದ ನೆನಪು ಸೇರಿಸಿ ಹೇಗೋ ಕತೆ ಹೊಲಿಯುತ್ತದೆ. ಒಂದು ಕಡೆ ಕಂಪಾಸ್ ಪೆಟ್ಟಿಗೆ, ಇನ್ನೊಂದು ಕಡೆ ಚಮಚ, ಹಾಕು ಹೊಲಿಗೆ.

ಕೋಥ್ರೂಡ್ ಪುಟ್ಟಿ, ಪುಣೆ:

ರಾತ್ರಿಪಾಳಿಯವರೇ, ಹಾಬ್ಸನ್ ಹತ್ತಿರವೇ ನಿಂತುಬಿಟ್ಟಿರಿ. ಆಮೇಲೆ ಮಿದುಳು ಮತ್ತು ಮನಸ್ಸಿನ ಸಂಶೋಧಕ ಮಾರ್ಕ್ ಸೋಮ್ಸ್ ಮಿದುಳಿಗೆ ಪೆಟ್ಟಾದ ರೋಗಿಗಳನ್ನು ಕೂರಿಸಿ ಕೇಳಿದರು. ಮಿದುಳಿನ ಮುಂಭಾಗದ ಕೆಲವು ಜಾಗಗಳಿಗೆ ಪೆಟ್ಟಾದವರಿಗೆ ಕನಸೇ ನಿಂತಿತ್ತು, ರೆಮ್ ಇದ್ದೂ. ಆಸೆ, ಹುಮ್ಮಸ್ಸಿಗೆ ಸಂಬಂಧಪಟ್ಟ ಎಳೆಗಳು ಹಾದುಹೋಗುವುದೂ ಅಲ್ಲಿಂದಲೇ. ಅಂದರೆ ರೆಮ್ ಬೇರೆ, ಕನಸು ಬೇರೆ. ಫ್ರಾಯ್ಡ್ ಪೂರ್ತಿ ಸರಿ ಅನ್ನುತ್ತಿಲ್ಲ. ಮುದುಕನನ್ನು ಇಷ್ಟು ಬೇಗ ಮನೆಯಿಂದ ಹೊರಗೆ ಹಾಕಬೇಡಿ ಅಷ್ಟೇ.

ಇನ್ನೊಂದು ಕಡೆಯಿಂದಲೂ ನೋಡಬಹುದು. ಫಿನ್ಲೆಂಡಿನ ರೆವೊನ್ಸುವೊ 2000ದಲ್ಲಿ ಬರೆದ ಪ್ರಕಾರ ಕನಸು ಅಂದರೆ ಅಪಾಯದ ರಿಹರ್ಸಲ್. ಹುಲಿ ಬಂದರೆ ಓಡುವುದನ್ನು ನಮ್ಮ ಪೂರ್ವಿಕರು ನಿದ್ದೆಯಲ್ಲೇ ಅಭ್ಯಾಸ ಮಾಡುತ್ತಿದ್ದರು ಅಂತ. ನಿಮ್ಮ ಹುಲಿ ಗಣಿತದ ಪೇಪರ್. ಆದರೆ ಕೈಯೇ ಏಳದ ರಿಹರ್ಸಲ್‌ನಿಂದ ಏನು ಕಲಿಯುವುದೋ, ನನಗೂ ಅನುಮಾನ.

ನಿವೃತ್ತ ಟೀಚರ್, ಮಡಗಾಂವ್:

ನೀವೆಲ್ಲ ಪರೀಕ್ಷೆ ಬರೆದವರು. ನಾನು ಮೂವತ್ತು ವರ್ಷ ಬರೆಸಿದವಳು. ನನ್ನ ಕನಸೇನು ಗೊತ್ತಾ? ಮಕ್ಕಳೆಲ್ಲ ಬಂದು ಕೂತಿದ್ದಾರೆ, ಗಂಟೆ ಹೊಡೆದಿದೆ, ಪ್ರಶ್ನೆಪತ್ರಿಕೆಯ ಕಟ್ಟು ಬಿಚ್ಚಿದರೆ ಒಳಗೆ ಬರೀ ಗೋಡಂಬಿ! ನಿವೃತ್ತಿಯಾದ ಮೇಲೆ ಗೋಡಂಬಿ ಅಂಗಡಿ ಇಟ್ಟಿದ್ದೇವೆ, ಅದಕ್ಕೇ ಇರಬೇಕು.

ನಮ್ಮ ಅಮ್ಮ ಬೆಳಗಿನ ಜಾವದ ಕನಸು ನಿಜವಾಗುತ್ತದೆ ಅನ್ನುತ್ತಿದ್ದರು. ರಾತ್ರಿಪಾಳಿ ತಮ್ಮ ಹೇಳಿದ್ದು ಓದಿದರೆ, ನೆನಪಲ್ಲಿ ಉಳಿಯುವುದೇ ಬೆಳಗಿನ ಜಾವದ್ದು ಅನ್ನಿಸುತ್ತದೆ. ಉಳಿದದ್ದರಲ್ಲಿ ಒಂದೆರಡು ನಿಜವಾದರೆ ಅದೇ ಮಾತಾಯಿತು.

ಕೋಥ್ರೂಡ್ ಪುಟ್ಟಿ, ಪುಣೆ:

ಟೀಚರಮ್ಮ, ಗೋಡಂಬಿಗೆ ನನ್ನ ನಮಸ್ಕಾರ! ಕ್ಯಾಲ್ವಿನ್ ಹಾಲ್ ಅನ್ನುವವರು ಜನಸಾಮಾನ್ಯರ ಸಾವಿರಾರು ಕನಸು ಸೇರಿಸಿ ಎಣಿಸಿ ನೋಡಿ ಹೇಳಿದ್ದೂ ಇದನ್ನೇ. ಹಗಲು ಏನು ತಲೆಯಲ್ಲಿದೆಯೋ ಅದೇ ರಾತ್ರಿಗೂ ಮುಂದುವರಿಯುತ್ತದೆ, ಗುಟ್ಟಿನ ಭಾಷೆ ಏನೂ ಇಲ್ಲ ಅಂತ.

ಅಣ್ಣ, ಕಾಟ ಜಾಸ್ತಿ ಆದರೆ ಒಂದು ಉಪಾಯ. ಹಗಲು ಎಚ್ಚರ ಇರುವಾಗ ಆ ಕನಸನ್ನು ಕಾಗದದ ಮೇಲೆ ಬರೆಯಿರಿ, ನಿಮಗೆ ಬೇಕಾದ ಹಾಗೆ ಬದಲಾಯಿಸಿ. ದಿನಾ ಹತ್ತಿಪ್ಪತ್ತು ನಿಮಿಷ ಆ ಹೊಸ ಕತೆಯನ್ನೇ ಕಣ್ಣಮುಂದೆ ತಂದುಕೊಳ್ಳಿ. ಬ್ಯಾರಿ ಕ್ರಾಕೋವ್ ಮತ್ತು ಜೊತೆಯವರು ದೌರ್ಜನ್ಯಕ್ಕೆ ಒಳಗಾದ ಹೆಂಗಸರ ಮೇಲೆ ಇದನ್ನು ಪ್ರಯೋಗಿಸಿ 2001ರಲ್ಲಿ ಪ್ರಕಟಿಸಿದರು, ದುಃಸ್ವಪ್ನ ಕಡಿಮೆಯಾಗಿತ್ತು.

ಗಲ್ಲಾಪೆಟ್ಟಿಗೆ, ಡೊಂಬಿವಲಿ:

ಎರಡು ದಿನ ಗಿರಾಕಿ ಜಾಸ್ತಿ, ಉತ್ತರ ಕೊಡಲು ಆಗಲಿಲ್ಲ. ಹೌದು ತಮ್ಮ, ನಾಲ್ಕೂವರೆಗೇ ಅಲಾರಾಂ, ಕನಸು ಅದಕ್ಕೆ ಸ್ವಲ್ಪ ಮುಂಚೆಯೇ.

ಪುಟ್ಟಿ, ನೀನು ಕೇಳಿದ ಮೇಲೆ ಆರ್ಡರ್ ಡೈರಿ ತಿರುವಿ ಹಾಕಿದೆ. ತಾರೀಖು ನೆನಪಿರುವ ಕನಸು ಮೂರೇ. ಒಂದರ ಮರುದಿನ 300 ಜನರ ಮದುವೆ ಊಟದ ಆರ್ಡರ್ ಇತ್ತು. ಇನ್ನೊಂದರ ಮರುದಿನ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು. ಮೂರನೆಯದಕ್ಕೆ ಏನೂ ಇರಲಿಲ್ಲ, ಸೋಮವಾರ, ಹೋಟೆಲಿಗೇ ರಜೆ. ಹಾಗಾಗಿ ರಾತ್ರಿಪಾಳಿಯೂ ಗೆದ್ದ ಅಂತಿಟ್ಟುಕೊಳ್ಳಿ.

ಆದರೆ ಎರಡನೇ ಪ್ರಶ್ನೆ ಓದಿ ಗಲ್ಲಾದಲ್ಲೇ ಸುಮ್ಮನೆ ಕೂತುಬಿಟ್ಟೆ. ಮನೆಯಲ್ಲಿ ಮಕ್ಕಳಿಗೂ ಹೇಳದ ವಿಷಯ ಇದು. 1989ರ ಮಾರ್ಚ್‌ನಲ್ಲಿ ನಾನು ಇಂಗ್ಲಿಷ್‌ನಲ್ಲಿ ಫೇಲ್. ಅಕ್ಟೋಬರಿನಲ್ಲಿ ಮತ್ತೆ ಕೂತು ಪಾಸಾದದ್ದು. ಫೇಲಾದ ರಿಸಲ್ಟ್ ಬಂದ ದಿನ ಹೋಟೆಲಿನ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ಅತ್ತಿದ್ದೆ. ನಲ್ಲಿ ಪೂರ್ತಿ ಬಿಟ್ಟಿದ್ದೆ, ಭಟ್ಟರಿಗೆ ಕೇಳಿಸಬಾರದು ಅಂತ. ಗಣಿತದಲ್ಲಿ ಮೊದಲ ಸಲಕ್ಕೇ ಪಾಸು. ಇಷ್ಟು ವರ್ಷದಲ್ಲಿ ಇಂಗ್ಲಿಷ್ ಪೇಪರ್ ಕನಸಲ್ಲಿ ಒಂದು ಸಲವೂ ಬಂದಿಲ್ಲ.

ರಾತ್ರಿಪಾಳಿ, ಕುರ್ಲಾ:

ಒಬ್ಬರಿಗೆ ತಾಳೆಯಾದರೆ ಅದು ಪುರಾವೆ ಅಲ್ಲ ಅಣ್ಣ. ನಾನು ಹೈಸ್ಕೂಲಿನಲ್ಲಿ ಮರಾಠಿಯಲ್ಲಿ ಫೇಲ್, ನನಗೆ ಅದೇ ಕನಸು ಬೀಳುತ್ತದೆ. ಆದರೂ ನಿಮ್ಮ ನಲ್ಲಿಯ ಕತೆ ಮರೆಯುವಂಥದ್ದಲ್ಲ.

ಗಲ್ಲಾಪೆಟ್ಟಿಗೆ, ಡೊಂಬಿವಲಿ:

ಇರಲಿ ತಮ್ಮ. ಪುಟ್ಟಿ ಹೇಳಿದ ಹಾಗೆ ನಿನ್ನೆ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟೆ. ಮೇಲ್ವಿಚಾರಕರು ಎರಡು ಇಡ್ಲಿ ಕೇಳುತ್ತಾರೆ. ನಾನು ಬಿಸಿಬಿಸಿಯಾಗಿ ತಂದು ಕೊಡುತ್ತೇನೆ, ಅವರು ಕೂತು ತಿನ್ನುತ್ತಾರೆ, ಅಷ್ಟರಲ್ಲಿ ನಾನು ಪೇಪರ್ ಮುಗಿಸುತ್ತೇನೆ. ಹೆಂಡತಿ ಓದಿ, "ಚಟ್ನಿ ಹಾಕಿಲ್ಲ ನೀವು" ಅಂದಳು. ಸೇರಿಸಿದ್ದೇನೆ.