ಅಯೋವಾ ‘ಗೆದ್ದರು’ ಎಂದರೆ ಗೆದ್ದದ್ದು ಏನನ್ನು?

ಪ್ರಶ್ನೆ: ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಸುದ್ದಿ ಕನ್ನಡಿಸುವಾಗ, ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ, ಕಾಕಸ್ ಹಂತದ ಕೆಲವು ಪದಗಳು ಪ್ರತಿ ಸಲವೂ ಕೈಕೊಡುತ್ತವೆ. ಇಂಥ ರಾಜ್ಯದಲ್ಲಿ ಇಂಥವರಿಗೆ ‘ಗೆಲುವು’ ಅಂತ ಬರೆಯುತ್ತೇವೆ. ಮರುದಿನ, ಸೋತವರಿಗೇ ಹೆಚ್ಚು ಡೆಲಿಗೇಟ್‌ಗಳು (ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯ ಆಯ್ಕೆಗೆ ಮತ ಹಾಕುವವರು) ಎಂಬ ಸುದ್ದಿ ಬರುತ್ತದೆ. ಡೆಲಿಗೇಟ್‌ಗೆ ‘ಪ್ರತಿನಿಧಿ’ ಸರಿಯೇ? ಪಕ್ಷ ಇನ್ನೂ ಆರಿಸದವರನ್ನು ‘ಅಭ್ಯರ್ಥಿ’ ಎನ್ನಬಹುದೇ? ‘ಸಂಭಾವ್ಯ ಅಭ್ಯರ್ಥಿ’ ಯಾವ ಹಂತಕ್ಕೆ ಹೊಂದುತ್ತದೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ‘ಗೆದ್ದರು’ ಎಂಬುದರಿಂದಲೇ ಶುರು ಮಾಡೋಣ. ಉಳಿದ ಗೊಂದಲಗಳೆಲ್ಲ ಅದರ ಬೆನ್ನಿಗೇ ಬರುತ್ತವೆ.

ನಮ್ಮಲ್ಲಿ ಒಂದು ಮತ ಹೆಚ್ಚು ಬಂದರೂ ಗೆಲುವು ಪೂರ್ತಿ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಒಂದೇ ಮತದಿಂದ ಶಾಸಕರಾದರು, ಎರಡನೆಯವರಿಗೆ ಏನೂ ಉಳಿಯಲಿಲ್ಲ. ಕನ್ನಡದ ಓದುಗರು ‘ಗೆದ್ದರು’ ಎಂದರೆ ಅರ್ಥ ಮಾಡಿಕೊಳ್ಳುವುದು ಇದನ್ನೇ. ಡೆಮಾಕ್ರಟಿಕ್ ಪಕ್ಷದ ಪ್ರೈಮರಿಗೆ ಈ ಅರ್ಥ ಒಪ್ಪುವುದಿಲ್ಲ. ಅಲ್ಲಿ ಮತಗಳು ಡೆಲಿಗೇಟ್‌ಗಳಾಗಿ ಹಂಚಿಕೆಯಾಗುತ್ತವೆ. ಶೇ 15ಕ್ಕಿಂತ ಕಡಿಮೆ ಮತ ಪಡೆದವರಿಗೆ ಏನೂ ಇಲ್ಲ, ಆ ಗೆರೆ ದಾಟಿದವರೆಲ್ಲರಿಗೂ ಮತದ ಪ್ರಮಾಣಕ್ಕೆ ತಕ್ಕ ಪಾಲು. ಈ ಲೆಕ್ಕ ರಾಜ್ಯಮಟ್ಟದಲ್ಲಿ ಒಂದು, ಒಳಗಿನ ಒಂದೊಂದು ಸಂಸದೀಯ ಕ್ಷೇತ್ರದಲ್ಲಿ ಬೇರೆಬೇರೆ.

ಹಂಚಿಕೆಯ ಗಣಿತವನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕು. ಒಂದು ಕ್ಷೇತ್ರಕ್ಕೆ 4 ಡೆಲಿಗೇಟ್‌ಗಳಿದ್ದಾರೆ, ಕಣದಲ್ಲಿ ಇಬ್ಬರೇ ಇದ್ದಾರೆ ಎನ್ನಿ. ಒಬ್ಬರಿಗೆ ಶೇ 60, ಇನ್ನೊಬ್ಬರಿಗೆ ಶೇ 40 ಬಂದರೆ ಪಾಲು 2.4 ಮತ್ತು 1.6. ಪೂರ್ಣಾಂಕ ಕೊಟ್ಟ ಮೇಲೆ ಉಳಿದ ಒಂದು ಸ್ಥಾನ ದೊಡ್ಡ ಶೇಷ ಇರುವವರಿಗೆ ಹೋಗುತ್ತದೆ. ಕೊನೆಗೆ 2–2. ಮೂರನೆಯ ಡೆಲಿಗೇಟ್ ಬೇಕಾದರೆ ಶೇ 62.5 ದಾಟಬೇಕು. ಅದೇ 3 ಡೆಲಿಗೇಟ್‌ಗಳ ಕ್ಷೇತ್ರದಲ್ಲಿ ಶೇ 51 ಬಂದರೆ ಸಾಕು, 2–1. ಅಂದರೆ ಒಂದು ಕಡೆ ಇಪ್ಪತ್ತು ಅಂಶಗಳ ಅಂತರಕ್ಕೆ ಬೆಲೆಯಿಲ್ಲ, ಪಕ್ಕದ ಕ್ಷೇತ್ರದಲ್ಲಿ ಎರಡೇ ಅಂಶ ಒಬ್ಬ ಡೆಲಿಗೇಟನ್ನು ತಂದುಕೊಡುತ್ತದೆ.

2008ರಲ್ಲಿ ಒಬಾಮ ಪ್ರಚಾರ ತಂಡ ಈ ಲೆಕ್ಕವನ್ನು ಚೆನ್ನಾಗಿ ಅರಗಿಸಿಕೊಂಡಿತ್ತು. ನೆವಾಡಾದಲ್ಲಿ ಹಿಲರಿ ಕ್ಲಿಂಟನ್ ಸುಮಾರು ಶೇ 51–45ರಿಂದ ಮುಂದಿದ್ದರೂ ರಾಷ್ಟ್ರೀಯ ಡೆಲಿಗೇಟ್‌ಗಳ ಲೆಕ್ಕದಲ್ಲಿ ಒಬಾಮಗೆ 13, ಹಿಲರಿಗೆ 12. ಟೆಕ್ಸಸ್‌ನಲ್ಲಿ ಪ್ರೈಮರಿ, ಕಾಕಸ್ ಎರಡೂ ನಡೆದವು. ಪ್ರೈಮರಿಯಲ್ಲಿ ಹಿಲರಿ ಮುಂದೆ, ಕಾಕಸ್‌ನಲ್ಲಿ ಒಬಾಮ ಮುಂದೆ, ಒಟ್ಟು ಸೇರಿಸಿದರೆ ಒಬಾಮಗೆ 99, ಹಿಲರಿಗೆ 94. ‘ಟೆಕ್ಸಸ್‌ನಲ್ಲಿ ಹಿಲರಿ ಜಯಭೇರಿ’ ಎಂದು ಶೀರ್ಷಿಕೆ ಕೊಟ್ಟರೆ ಓದುಗರ ತಲೆಯಲ್ಲಿ ಉಳಿಯುವುದು ತಪ್ಪು ಚಿತ್ರ. ‘ಮತದಲ್ಲಿ ಹಿಲರಿ ಮುಂದೆ, ಡೆಲಿಗೇಟ್ ಒಬಾಮಗೆ ಹೆಚ್ಚು’ ಎಂದರೆ ಜಾಗವೂ ಹೆಚ್ಚು ಬೇಕಿಲ್ಲ, ಸುದ್ದಿಯೂ ಸರಿ.

ರಿಪಬ್ಲಿಕನ್ ಪಕ್ಷದಲ್ಲಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. 2016ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಟ್ರಂಪ್‌ಗೆ ಬಂದದ್ದು ಶೇ 32.5 ಮತ, ಸಿಕ್ಕಿದ್ದು ಅಲ್ಲಿನ ಎಲ್ಲ 50 ಡೆಲಿಗೇಟ್‌ಗಳು. ಇಲ್ಲಿ ‘ಗೆದ್ದರು’ ಧಾರಾಳವಾಗಿ ಬಳಸಿ, ಆದರೆ ಮೂರನೇ ಎರಡು ಪಾಲು ಮತ ಅವರಿಗೆ ಬಿದ್ದಿರಲಿಲ್ಲ ಎಂಬುದೂ ಅದೇ ವಾಕ್ಯದಲ್ಲಿ ಇರಲಿ.

ಇನ್ನು ಅಯೋವಾ ರಾಜ್ಯ. ಅಲ್ಲಿನದು ಪ್ರೈಮರಿ ಅಲ್ಲ, ಕಾಕಸ್. ಪ್ರೈಮರಿಯನ್ನು ಸಾಮಾನ್ಯವಾಗಿ ರಾಜ್ಯ ಸರ್ಕಾರದ ಚುನಾವಣಾ ವ್ಯವಸ್ಥೆ ನಡೆಸುತ್ತದೆ, ಕಾಕಸನ್ನು ಪಕ್ಷವೇ ನಡೆಸುತ್ತದೆ. 2020ರವರೆಗೂ ಅಯೋವಾದ ಡೆಮಾಕ್ರಟರು ಶಾಲೆ, ಸಭಾಭವನಗಳಲ್ಲಿ ಸೇರಿ, ತಮ್ಮ ಆಯ್ಕೆಯವರ ಮೂಲೆಗೆ ಹೋಗಿ ಎಲ್ಲರೆದುರೇ ಗುಂಪಾಗಿ ನಿಲ್ಲುತ್ತಿದ್ದರು. ಸಾಮಾನ್ಯವಾಗಿ ಶೇ 15 ತಲುಪದ ಗುಂಪಿನವರು ಬೇರೆ ಗುಂಪಿಗೆ ಸೇರಬಹುದಿತ್ತು. ರಿಪಬ್ಲಿಕನ್ನರದು ಚೀಟಿಯ ಗುಪ್ತ ಮತದಾನ. ಹಾಗಾಗಿ ಕಾಕಸ್‌ಗೆ ‘ಮತಗಟ್ಟೆ’ ಎಂದು ಬರೆಯುವುದು ಸಲ್ಲದು. ‘ಪಕ್ಷದ ಆಯ್ಕೆ ಸಭೆ’ ಎಂದು ಒಮ್ಮೆ ವಿವರಿಸಿ ಮುಂದೆ ‘ಕಾಕಸ್’ ಎಂದೇ ಬಳಸಿದರೆ ಸಾಕು.

2020ರ ಅಯೋವಾದಲ್ಲಿ ಪಕ್ಷ ಮೂರು ಅಂಕಿ ಕೊಟ್ಟಿತು: ಮೊದಲ ಸುತ್ತಿನ ತಲೆಎಣಿಕೆ, ಗುಂಪು ಬದಲಾದ ಮೇಲಿನ ಎಣಿಕೆ, ರಾಜ್ಯ ಸಮಾವೇಶದ ಡೆಲಿಗೇಟ್‌ಗಳಿಗೆ ಸಮನಾದ ಲೆಕ್ಕ. ಕಣದಲ್ಲಿದ್ದವರ ಪೈಕಿ ಮೊದಲೆರಡರಲ್ಲಿ ಬರ್ನಿ ಸ್ಯಾಂಡರ್ಸ್ ಮುಂದೆ, ಮೂರನೆಯದರಲ್ಲಿ ಕೂದಲೆಳೆಯಷ್ಟು ಪೀಟ್ ಬುಟಿಜೆಜ್ ಮುಂದೆ. ವರದಿ ಮಾಡುವ ಆ್ಯಪ್ ಕೈಕೊಟ್ಟಿತು, ಅಂಕಿಗಳಲ್ಲಿ ತಪ್ಪುಗಳಿದ್ದವು. ಎಪಿ ಸುದ್ದಿಸಂಸ್ಥೆ ಯಾರನ್ನೂ ವಿಜೇತರೆಂದು ಕರೆಯಲಿಲ್ಲ. ನನ್ನ ಮಟ್ಟಿಗೆ ಆ ವರ್ಷದ ಅತ್ಯಂತ ಪ್ರಾಮಾಣಿಕ ವರದಿ ಅದು.

ಇಲ್ಲೇ ಇನ್ನೊಂದು ಪದ ಬರುತ್ತದೆ, ‘ಘೋಷಣೆ’. ‘ವಿಜೇತರೆಂದು ಘೋಷಿಸಲಾಗಿದೆ’ ಎಂದು ಕರ್ಮಣಿಯಲ್ಲಿ ಬರೆದರೆ, ಚುನಾವಣಾ ಆಯೋಗವೋ ಚುನಾವಣಾಧಿಕಾರಿಯೋ ಘೋಷಿಸಿದರು ಎಂದು ಕನ್ನಡಿಗರು ಭಾವಿಸುತ್ತಾರೆ. ಆ ರಾತ್ರಿ ಹೆಸರು ಹೇಳುವುದು ಸುದ್ದಿಸಂಸ್ಥೆ, ಟಿವಿ ವಾಹಿನಿಗಳು. ರಾಜ್ಯದ ದೃಢೀಕರಣ ಬರುವುದು ದಿನಗಳ ನಂತರ. 2012ರ ರಿಪಬ್ಲಿಕನ್ ಅಯೋವಾ ಕಾಕಸ್‌ನಲ್ಲಿ ಮಿಟ್ ರಾಮ್ನಿ 8 ಮತಗಳಿಂದ ಮುಂದೆ ಎಂದು ಸುದ್ದಿಯಾಯಿತು. ಎರಡು ವಾರದ ಬಳಿಕ ದೃಢೀಕೃತ ಲೆಕ್ಕ ಬಂದಾಗ ರಿಕ್ ಸ್ಯಾಂಟೋರಮ್ 34 ಮತ ಮುಂದೆ, ಎಂಟು ಮತಕೇಂದ್ರಗಳ ಲೆಕ್ಕ ಸಿಗಲೇ ಇಲ್ಲ. ಅಲ್ಲಿನ ಡೆಲಿಗೇಟ್‌ಗಳು ಕಾಕಸ್ ಫಲಿತಾಂಶಕ್ಕೆ ಬದ್ಧರಾಗಿರಲಿಲ್ಲ, ಬೇಸಗೆಯ ರಾಷ್ಟ್ರೀಯ ಸಮಾವೇಶದಲ್ಲಿ ಅಯೋವಾದ 28 ಡೆಲಿಗೇಟ್ ಮತಗಳಲ್ಲಿ 22 ಬಿದ್ದದ್ದು ಮೂರನೆಯ ಸ್ಥಾನದಲ್ಲಿದ್ದ ರಾನ್ ಪಾಲ್‌ಗೆ. ಹಾಗಾದರೆ ಆ ಕಾಕಸ್ ಗೆದ್ದವರು ಯಾರು? ಮೂವರಿಗೂ ಬೇರೆಬೇರೆ ಅರ್ಥದಲ್ಲಿ ‘ಗೆದ್ದರು’ ಹೊಂದುತ್ತದೆ. ಅದಕ್ಕೇ ಕ್ರಿಯಾಪದಕ್ಕೆ ಕರ್ತೃ, ಕರ್ಮ ಎರಡನ್ನೂ ಕೊಡಿ: ‘ಎಪಿ ಲೆಕ್ಕಾಚಾರದಂತೆ’, ‘ಪಕ್ಷದ ದೃಢೀಕೃತ ಅಂಕಿಯಂತೆ’. 2024ರ ಅಯೋವಾದಲ್ಲಿ ಕೆಲವು ಕಡೆ ಜನ ಇನ್ನೂ ಚೀಟಿ ಹಾಕುತ್ತಿರುವಾಗಲೇ, ಕಾಕಸ್ ಶುರುವಾಗಿ ಅರ್ಧ ಗಂಟೆಯ ಹೊತ್ತಿಗೆ ಟ್ರಂಪ್ ಹೆಸರನ್ನು ಎಪಿ ಹೇಳಿಬಿಟ್ಟಿತು. ಫಲಿತಾಂಶ ತಪ್ಪಾಗಲಿಲ್ಲ, ಟ್ರಂಪ್ ಶೇ 51 ಪಡೆದರು. ಆದರೂ ಮತ ಹಾಕಲು ನಿಂತವರ ಫೋನಿಗೆ ಫಲಿತಾಂಶ ತಲುಪಿಸುವುದು ಸರಿಯಾದ ಪತ್ರಿಕೋದ್ಯಮ ಎಂದು ಒಪ್ಪಲಾರೆ.

ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ಮಾಧ್ಯಮದ ‘ನಿರೀಕ್ಷೆ’. 1972ರ ನ್ಯೂ ಹ್ಯಾಂಪ್‌ಶೈರ್‌ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಎಡ್ಮಂಡ್ ಮಸ್ಕಿಗೆ ಶೇ 46, ಮೆಕ್‌ಗವರ್ನ್‌ಗೆ ಶೇ 37. ಇನ್ನೂ ಹೆಚ್ಚು ಬರಬೇಕಿತ್ತು ಎಂಬ ಕಾರಣಕ್ಕೆ ಅದು ಮಸ್ಕಿಗೆ ‘ಹಿನ್ನಡೆ’ ಆಯಿತು. 1976ರ ಅಯೋವಾದಲ್ಲಿ ಶೇ 37ರೊಂದಿಗೆ ಮೊದಲು ಬಂದದ್ದು ‘ಯಾರಿಗೂ ಬದ್ಧರಲ್ಲ’ ಎಂಬ ಗುಂಪು, ಜಿಮ್ಮಿ ಕಾರ್ಟರ್ ಅದರ ಹಿಂದೆ. ಪತ್ರಿಕೆಗಳಲ್ಲಿ ಗೆದ್ದವರು ಕಾರ್ಟರ್. ಕನ್ನಡದಲ್ಲಿ ‘ಮುನ್ನಡೆ’, ‘ಹಿನ್ನಡೆ’ ಮತ ಎಣಿಕೆ ದಿನದ ಪದಗಳು, ಎಣಿಸಿದ ಮತಕ್ಕೆ ಮಾತ್ರ ಮೀಸಲಿಡಬೇಕು. ವಿಶ್ಲೇಷಕರ ನಿರೀಕ್ಷೆಗೆ ಕಡಿಮೆಯಾದದ್ದನ್ನು ‘ಹಿನ್ನಡೆ’ ಎಂದರೆ ಅಂಕಿಯಲ್ಲಿ ಮೊದಲಿದ್ದವರನ್ನು ಸೋಲಿಸಿದಂತೆ. ಸಮೀಕ್ಷೆಗೂ ‘ಮುನ್ನಡೆ’ ಬೇಡ. 400 ಜನರನ್ನು ಕೇಳಿದ ಸಮೀಕ್ಷೆಯಲ್ಲಿ ದೋಷದ ಅಂದಾಜು ಎರಡೂ ಕಡೆಗೆ ಸುಮಾರು 5 ಅಂಶ, ಇಬ್ಬರ ನಡುವಿನ ಅಂತರಕ್ಕಾದರೆ ಇನ್ನೂ ಹೆಚ್ಚು. 2 ಅಂಶದ ವ್ಯತ್ಯಾಸವನ್ನು ‘ಸಮಬಲ’ ಎಂದು ಬರೆಯುವುದೇ ಸರಿ.

ಕ್ರಿಯಾಪದ ಎಷ್ಟು ತೂಕ ಹೊರುತ್ತದೆ ಎಂಬುದಕ್ಕೆ ಡೆಮಾಕ್ರಟಿಕ್ ಪಕ್ಷದ ಹೊವಾರ್ಡ್ ಡೀನ್ ಪ್ರಕರಣ ನೋಡಿ. 2004ರ ಅಯೋವಾದಲ್ಲಿ ಮೂರನೆಯವರಾದ ರಾತ್ರಿ ಬೆಂಬಲಿಗರನ್ನು ಹುರಿದುಂಬಿಸಲು ಅವರು ಕೂಗಿ ಮಾತಾಡಿದರು. ಅವರ ಕೈಲಿದ್ದದ್ದು ಸುತ್ತಲಿನ ಸದ್ದನ್ನು ತಗ್ಗಿಸುವ ಮೈಕ್. ಸಭಾಂಗಣದ ಗದ್ದಲ ಟಿವಿಗೆ ಹೋಗಲಿಲ್ಲ, ಅವರ ದನಿಯೊಂದೇ ಹೋಯಿತು. ವಾಹಿನಿಗಳು ಅದನ್ನೇ ದಿನಗಟ್ಟಲೆ ತಿರುಗಿಸಿ ತೋರಿಸಿದವು. ‘ಕಿರುಚಿದರು’ ಎಂದರೆ ಟಿವಿಯಲ್ಲಿ ಕೇಳಿಸಿದ್ದು, ‘ಕೂಗಿದರು’ ಎಂದರೆ ಅಲ್ಲಿ ನಡೆದದ್ದು.

ಉಳಿದ ಪದಗಳನ್ನು ಬೇಗ ಮುಗಿಸಬಹುದು. ಡೆಲಿಗೇಟ್‌ಗೆ ‘ಪ್ರತಿನಿಧಿ’ ಬೇಡ, ‘ಡೆಲಿಗೇಟ್’ ಎಂದೇ ಇರಲಿ. ಅಮೆರಿಕದ ಸಂಸತ್ತಿನ ಕೆಳಮನೆಯನ್ನು ನಾವು ಆಗಲೇ ‘ಜನಪ್ರತಿನಿಧಿಗಳ ಸಭೆ’ ಎನ್ನುತ್ತಿದ್ದೇವೆ, ಎರಡೂ ಒಂದೇ ವರದಿಯಲ್ಲಿ ಬಂದರೆ ಕಲಸಿಹೋಗುತ್ತವೆ. ನವೆಂಬರಿನ ಚುನಾವಣೆಯ 538 ಎಲೆಕ್ಟೋರಲ್ ಮತಗಳಿಗೂ ಡೆಲಿಗೇಟ್‌ಗಳಿಗೂ ಸಂಬಂಧವೇ ಇಲ್ಲ.

‘ಅಭ್ಯರ್ಥಿ’ಯ ವಿಷಯದಲ್ಲಿ ಕನ್ನಡ ಪತ್ರಿಕೆಗಳ ಬಳಿ ಅಪ್ಪಟ ಪದಜೋಡಿ ಮೊದಲೇ ಇದೆ. ಬಿ ಫಾರಂ ಕೈಗೆ ಬರುವ ತನಕ ‘ಟಿಕೆಟ್ ಆಕಾಂಕ್ಷಿ’, ಬಂದ ಮೇಲೆ ‘ಅಭ್ಯರ್ಥಿ’. ಅದನ್ನೇ ಅಲ್ಲಿಗೂ ಬಳಸಿ. ಸಮಾವೇಶದಲ್ಲಿ ಡೆಲಿಗೇಟ್‌ಗಳು ಮತ ಹಾಕುವವರೆಗೆ ‘ಆಕಾಂಕ್ಷಿ’, ನಂತರ ‘ಅಭ್ಯರ್ಥಿ’. ನಡುವಿನ ಹಂತಕ್ಕೆ ‘ಸಂಭಾವ್ಯ’ ತೀರಾ ದುರ್ಬಲ, ಅದು ಹತ್ತು ಹೆಸರಿನ ಪಟ್ಟಿಗೂ ಸಲ್ಲುತ್ತದೆ. ಡೆಲಿಗೇಟ್‌ಗಳ ಬಹುಮತದ ಗೆರೆ ದಾಟಿದವರಿಗೆ ‘ಅಭ್ಯರ್ಥಿಯಾಗುವುದು ಖಚಿತ’ ಎಂದು ಬರೆಯಿರಿ, ಯಾವ ಲೆಕ್ಕದಲ್ಲಿ ಖಚಿತ ಎಂಬುದನ್ನೂ ಸೇರಿಸಿ. 2016ರ ಜೂನ್ 6ರಂದು, ಕ್ಯಾಲಿಫೋರ್ನಿಯಾ ಪ್ರೈಮರಿಯ ಹಿಂದಿನ ದಿನ, ಹಿಲರಿ ಬಹುಮತಕ್ಕೆ ಬೇಕಾದ 2,383 ಡೆಲಿಗೇಟ್‌ಗಳನ್ನು ತಲುಪಿದರು ಎಂದು ಎಪಿ ಹೇಳಿದ್ದು ಸೂಪರ್ ಡೆಲಿಗೇಟ್‌ಗಳನ್ನೂ ಕೂಡಿಸಿ. ಅವರು ಮತದಾರರ ತೀರ್ಪಿಗೆ ಬದ್ಧರಲ್ಲದ ಪಕ್ಷದ ಮುಖಂಡರು, ಮತ ಹಾಕಬೇಕಾದದ್ದು ಜುಲೈನಲ್ಲಿ. 2018ರಲ್ಲಿ ಪಕ್ಷ ನಿಯಮ ಬದಲಿಸಿ, ಪೈಪೋಟಿ ಇದ್ದಾಗ ಮೊದಲ ಸುತ್ತಿನಲ್ಲಿ ಅವರ ಮತ ಇಲ್ಲದಂತೆ ಮಾಡಿತು.

ಮರುಪ್ರಶ್ನೆ: ಧನ್ಯವಾದ ಸರ್. ‘ಆಕಾಂಕ್ಷಿ’ ಇಂದಿನಿಂದಲೇ ಬಳಕೆಗೆ. 2024ರಲ್ಲಿ ಕಮಲಾ ಹ್ಯಾರಿಸ್ ಬಗ್ಗೆ ‘ಪ್ರೈಮರಿ ಗೆದ್ದು ಅಭ್ಯರ್ಥಿಯಾದರು’ ಎಂದು ಬರೆದರೆ ತಪ್ಪೇ?

ಉತ್ತರ: ತಪ್ಪು. ಪ್ರೈಮರಿಗಳಲ್ಲಿ ಡೆಲಿಗೇಟ್‌ಗಳನ್ನು ಗಳಿಸಿದವರು ಬೈಡನ್. ಜುಲೈ 21ರಂದು ಅವರು ಹಿಂದೆ ಸರಿದಾಗ ಆ ಡೆಲಿಗೇಟ್‌ಗಳು ತಮಗೆ ಬೇಕಾದವರಿಗೆ ಮತ ಹಾಕಲು ಸ್ವತಂತ್ರರಾದರು. ಷಿಕಾಗೊ ಸಮಾವೇಶಕ್ಕೂ ಮುನ್ನ, ಆಗಸ್ಟ್ ಮೊದಲ ವಾರ, ಆನ್‌ಲೈನ್ ಮತದಾನದಲ್ಲಿ ಆ ಡೆಲಿಗೇಟ್‌ಗಳೇ ಹ್ಯಾರಿಸ್‌ರನ್ನು ಆರಿಸಿದರು. ‘ಡೆಲಿಗೇಟ್‌ಗಳ ಮತದಿಂದ ಅಭ್ಯರ್ಥಿಯಾದರು’ ಎಂದು ಬರೆಯಿರಿ.